ಗೋಡೆ ನಕಾಶೆಯಿಂದ ಮೊಬೈಲ್ ಪರದೆಗೆ: ಮೈಯೊಳಗಿನ ಲೆಕ್ಕ ಬರೆದಿಟ್ಟವರ ಕಥೆ

ಹುಟ್ಟಿದ ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ ಎರಡು ಹನಿ ರಕ್ತ ತೆಗೆದು ಕಾಗದದ ಮೇಲೆ ಒಣಗಿಸುತ್ತಾರೆ. ಆ ಕಾಗದ ಪ್ರಯೋಗಾಲಯ ಸೇರಿದರೆ ಅಲ್ಲಿನ ಯಂತ್ರ ರಕ್ತದಲ್ಲಿರುವ ಹತ್ತಾರು ರಾಸಾಯನಿಕಗಳನ್ನು ತೂಗಿ ನೋಡುತ್ತದೆ. ಯಂತ್ರ ಕೊಡುವುದು ಬರೀ ಸಂಖ್ಯೆ. ಈ ತೂಕ ಯಾವ ವಸ್ತುವಿನದು, ಅದು ಮೈಯಲ್ಲಿ ಎಷ್ಟಿದ್ದರೆ ಸರಿ, ಹೆಚ್ಚಾದರೆ ಯಾವ ಕೆಲಸ ಕೆಟ್ಟಿದೆ ಎಂದು ತಿಳಿಯಬೇಕಾದರೆ ಯಾರೋ ಅದನ್ನೆಲ್ಲ ಮೊದಲೇ ಬರೆದಿಟ್ಟಿರಬೇಕು.

ಹಾಗೆ ಬರೆದಿಟ್ಟವರು ಯಾರು? ಅವರಿಗೆ ಸಂಬಳ ಕೊಟ್ಟವರು ಯಾರು? ಆ ಪುಸ್ತಕವನ್ನು ಇವತ್ತು ಯಾರು ಬೇಕಾದರೂ ತೆರೆದು ನೋಡಬಹುದೇ? ಈ ಬರಹ ಅದರ ಬಗ್ಗೆ.

ಮುದ್ದೆಯಿಂದ ಶಕ್ತಿಯವರೆಗೆ

ನಾವು ತಿಂದ ಮುದ್ದೆ ಹೊಟ್ಟೆಯಲ್ಲಿ ಕರಗಿ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಒಂದೇ ಏಟಿಗೆ ಶಕ್ತಿಯಾಗುವುದಿಲ್ಲ. ಮೊದಲು ಹತ್ತು ಹಂತಗಳಲ್ಲಿ ಒಡೆದು ಪೈರುವೇಟ್ ಎಂಬ ವಸ್ತುವಾಗುತ್ತದೆ, ಅಲ್ಲಿಂದ ಇನ್ನೊಂದು ಚಕ್ರಕ್ಕೆ ಸೇರುತ್ತದೆ. ಒಂದೊಂದು ಹಂತಕ್ಕೂ ಒಂದೊಂದು ಕೆಲಸಗಾರ ಪ್ರೋಟೀನ್ ಇರುತ್ತದೆ, ಅದೇ ಕಿಣ್ವ. ಒಂದು ವಸ್ತು ಇನ್ನೊಂದಾಗುವ, ಒಡೆಯುವ, ಕೂಡುವ ಈ ಎಲ್ಲ ಕೆಲಸಕ್ಕೆ ಸೇರಿಸಿ ಚಯಾಪಚಯ ಎನ್ನುತ್ತಾರೆ.

ಇದನ್ನು ಕಾಲುವೆಗಳ ಜಾಲಕ್ಕೆ ಹೋಲಿಸಬಹುದು. ಒಂದು ತೂಬು ಕಟ್ಟಿಕೊಂಡರೆ ಮೇಲ್ಗಡೆ ನೀರು ನಿಂತು ಗದ್ದೆ ಕೊಳೆಯುತ್ತದೆ, ಕೆಳಗಡೆ ಒಣಗುತ್ತದೆ. ಮೈಯಲ್ಲೂ ಹಾಗೆಯೇ. ಒಂದು ಕಿಣ್ವ ಕೆಟ್ಟರೆ ಅದರ ಹಿಂದಿನ ವಸ್ತು ರಾಶಿಯಾಗುತ್ತದೆ, ಮುಂದಿನದು ಸಿಗುವುದಿಲ್ಲ.

ಹುಟ್ಟಿನಿಂದಲೇ ಹೀಗಾಗುವುದುಂಟು ಎಂದು ಮೊದಲು ಗುರುತಿಸಿದವರಲ್ಲಿ ಇಂಗ್ಲೆಂಡಿನ ವೈದ್ಯ ಆರ್ಚಿಬಾಲ್ಡ್ ಗ್ಯಾರೋಡ್ ಮುಖ್ಯರು. ಗಾಳಿಗೆ ಬಿಟ್ಟರೆ ಮೂತ್ರ ಕಪ್ಪಾಗುವ ಅಲ್ಕ್ಯಾಪ್ಟೋನ್ಯೂರಿಯಾ ಎಂಬ ಕಾಯಿಲೆಯ ಬಗ್ಗೆ 1902ರಲ್ಲಿ ಬರೆದ ಅವರು, ಇದು ಮನೆತನದಲ್ಲಿ ಹರಿದು ಬರುವ ಚಯಾಪಚಯದ ದೋಷ ಎಂದರು. 1934ರಲ್ಲಿ ನಾರ್ವೆಯಲ್ಲಿ ಇನ್ನೊಂದು ಘಟನೆ ನಡೆಯಿತು. ತನ್ನ ಇಬ್ಬರು ಮಕ್ಕಳ ಬುದ್ಧಿ ಯಾಕೆ ಬೆಳೆಯುತ್ತಿಲ್ಲ ಎಂದು ಕೇಳಿಕೊಂಡು ಒಬ್ಬ ತಾಯಿ ವೈದ್ಯರಿಂದ ವೈದ್ಯರಿಗೆ ಅಲೆಯುತ್ತಿದ್ದಳು. ರಸಾಯನಶಾಸ್ತ್ರವನ್ನೂ ಓದಿದ್ದ ವೈದ್ಯ ಆಸ್‌ಬ್ಯೋರ್ನ್ ಫೋಲಿಂಗ್ ಆ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಹಾಗೆ ಹಸಿರಾಗಲು ಯಾವ ವಸ್ತು ಕಾರಣ ಎಂದು ಅವರು ಪಟ್ಟು ಹಿಡಿದು ಹುಡುಕಿದರು. ಫಿನೈಲ್‌ಕೀಟೋನ್ಯೂರಿಯಾ ಎಂಬ ಕಾಯಿಲೆ ಲೋಕಕ್ಕೆ ಗೊತ್ತಾದದ್ದು ಹೀಗೆ.

ಆ ಇಬ್ಬರು ಮಕ್ಕಳಿಗೆ ಇದರಿಂದ ಪ್ರಯೋಜನವಾಗಲಿಲ್ಲ, ಕಾಲ ಮೀರಿತ್ತು. ಆದರೆ 1950ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಜೊತೆಗಾರರು ಆಹಾರ ಬದಲಿಸಿ ಈ ಕಾಯಿಲೆಯನ್ನು ಹಿಡಿತಕ್ಕೆ ತರಬಹುದು ಎಂದು ತೋರಿಸಿದರು. ಹುಟ್ಟಿದ ಮೊದಲ ವಾರಗಳಲ್ಲೇ ಪತ್ತೆಯಾಗಿ ಪಥ್ಯ ಶುರುವಾದರೆ ಮಗು ಎಲ್ಲರಂತೆ ಬೆಳೆಯುತ್ತದೆ. ಅಂದರೆ ಯಾವ ತೂಬು ಕಟ್ಟಿದೆ ಎಂಬ ಒಂದು ಸಾಲಿನ ಮಾಹಿತಿಯ ಮೇಲೆ ಒಂದು ಮಗುವಿನ ಇಡೀ ಬದುಕು ನಿಂತಿದೆ.

ಮಾಹಿತಿ ಚೆಲ್ಲಾಪಿಲ್ಲಿ

ಅಂಥ ಮಾಹಿತಿ ಬೇಕಾದಷ್ಟಿತ್ತು, ಒಂದು ಕಡೆ ಇರಲಿಲ್ಲ. ಒಬ್ಬರ ಸಂಶೋಧನೆ ಜರ್ಮನ್ ಪತ್ರಿಕೆಯಲ್ಲಿ, ಇನ್ನೊಬ್ಬರದು ಇಂಗ್ಲಿಷಿನಲ್ಲಿ. ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ಸಿಟ್ರಿಕ್ ಆಮ್ಲದ ಚಕ್ರದ ಬಗ್ಗೆ ಬರೆದಾಗ ಹೆಸರಾಂತ ‘ನೇಚರ್’ ಪತ್ರಿಕೆ ಸದ್ಯಕ್ಕೆ ಜಾಗವಿಲ್ಲ ಎಂದು ಹೇಳಿತು. ಅವರು ‘ಎನ್‌ಜೈಮೋಲೋಜಿಯಾ’ ಎಂಬ ಚಿಕ್ಕ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. 1953ರಲ್ಲಿ ಆ ಕೆಲಸಕ್ಕೇ ನೊಬೆಲ್ ಬಂತು. ಇಂಥ ದೊಡ್ಡ ಶೋಧವೇ ಎಲ್ಲೋ ಮೂಲೆಯ ಪತ್ರಿಕೆಯಲ್ಲಿ ಕೂತಿದ್ದರೆ, ಸಣ್ಣಪುಟ್ಟ ಸಾವಿರಾರು ಶೋಧಗಳ ಪಾಡೇನು?

ಮೊದಲ ಉತ್ತರ ಸಿಕ್ಕಿದ್ದು ಒಬ್ಬ ಮೇಷ್ಟರಿಂದ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಡೊನಾಲ್ಡ್ ನಿಕೋಲ್ಸನ್ 1955ರಲ್ಲಿ ಆಗ ಗೊತ್ತಿದ್ದ ಚಯಾಪಚಯದ ಹಾದಿಗಳನ್ನೆಲ್ಲ ಒಂದೇ ದೊಡ್ಡ ಹಾಳೆಯ ಮೇಲೆ ಬರೆದರು. ಆಗ ಚೆನ್ನಾಗಿ ಗೊತ್ತಿದ್ದ ಹಾದಿಗಳು ಇಪ್ಪತ್ತರ ಆಸುಪಾಸು. ವಿದ್ಯಾರ್ಥಿಗಳು ಬಿಡಿ ಬಿಡಿಯಾಗಿ ಬಾಯಿಪಾಠ ಮಾಡುವ ಬದಲು ಯಾವ ದಾರಿ ಎಲ್ಲಿ ಕೂಡುತ್ತದೆ ಎಂದು ಕಣ್ಣಾರೆ ಕಾಣಲಿ ಎಂಬುದು ಅವರ ಆಸೆ. ಆ ನಕಾಶೆ ಲೋಕದ ಎಷ್ಟೋ ಪ್ರಯೋಗಾಲಯಗಳ ಗೋಡೆ ಏರಿತು. ಹೊಸದು ಗೊತ್ತಾದಂತೆಲ್ಲ ಅವರು ಅದನ್ನು ತಿದ್ದಿ ಹೊಸ ಆವೃತ್ತಿ ತರುತ್ತಿದ್ದರು. ನಿವೃತ್ತರಾದ ಮೇಲೂ ಬಿಡಲಿಲ್ಲ. 2012ರಲ್ಲಿ ತೀರಿಕೊಳ್ಳುವಾಗ ಅವರಿಗೆ 96 ವರ್ಷ. ಅವರ ಸಣ್ಣ ನಕಾಶೆಗಳು ಕೊನೆಗೆ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುವಂತಾದವು.

ಸರ್ವೆ ನಂಬರ್ ಕೊಟ್ಟ ಹಾಗೆ

ನಕಾಶೆ ಬರೆಯುವವರಿಗೆ ಒಂದು ತಲೆನೋವಿತ್ತು. ಒಂದೇ ಕಿಣ್ವಕ್ಕೆ ನಾಲ್ಕಾರು ಹೆಸರು, ಎರಡು ಬೇರೆ ಕಿಣ್ವಗಳಿಗೆ ಒಂದೇ ಹೆಸರು. ಊರಲ್ಲಿ ‘ದೊಡ್ಡ ಹೊಲ’ ಎಂದರೆ ಯಾರ ಹೊಲ ಎಂದು ಹೇಗೆ ಗೊತ್ತಾಗಬೇಕು? ಅದಕ್ಕೇ ಅಲ್ಲವೇ ಸರ್ವೆ ನಂಬರ್ ಇರುವುದು.

ಅಂತರರಾಷ್ಟ್ರೀಯ ಜೀವರಸಾಯನ ಒಕ್ಕೂಟ ಇದಕ್ಕಾಗಿ ಒಂದು ಆಯೋಗ ಮಾಡಿತು. 1961ರಲ್ಲಿ ಆಯೋಗ ತನ್ನ ವರದಿ ಕೊಟ್ಟಿತು. ಮಾಡುವ ಕೆಲಸದ ಆಧಾರದ ಮೇಲೆ ಪ್ರತಿ ಕಿಣ್ವಕ್ಕೂ ನಾಲ್ಕು ಭಾಗದ ಒಂದು ಸಂಖ್ಯೆ. ಅದಕ್ಕೆ ಇ.ಸಿ. ಸಂಖ್ಯೆ ಎನ್ನುತ್ತಾರೆ. ಕುಡಿದ ಸಾರಾಯಿಯನ್ನು ಯಕೃತ್ತಿನಲ್ಲಿ ಮೊದಲು ಒಡೆಯುವ ಕಿಣ್ವದ ಸಂಖ್ಯೆ 1.1.1.1. ಜಪಾನಿನವರು ಬರೆಯಲಿ, ಬ್ರೆಜಿಲ್‌ನವರು ಬರೆಯಲಿ, ಆ ಸಂಖ್ಯೆ ಕಂಡರೆ ಯಾವ ಕೆಲಸ ಎಂದು ಗೊತ್ತಾಗುತ್ತದೆ. ಆಗ ಮಾಡಿದ್ದು ಆರು ವರ್ಗ. 2018ರಲ್ಲಿ ಏಳನೆಯದು ಸೇರಿತು.

ಈ ಕೆಲಸ ಪತ್ರಿಕೆಗಳಲ್ಲಿ ಸುದ್ದಿಯಾಗುವಂಥದ್ದಲ್ಲ. ಆದರೆ ಮುಂದೆ ಬಂದ ಕಂಪ್ಯೂಟರ್ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿತು. ಕಂಪ್ಯೂಟರಿಗೆ ‘ಅದೇ, ಆ ಕಿಣ್ವ’ ಎಂದರೆ ಅರ್ಥವಾಗುವುದಿಲ್ಲ. ಅದಕ್ಕೆ ಸಂಖ್ಯೆ ಬೇಕು.

ಪುಸ್ತಕ ಕಂಪ್ಯೂಟರಿಗೆ ಇಳಿದದ್ದು

ಜೀವಶಾಸ್ತ್ರದ ಮಾಹಿತಿಯನ್ನು ಒಟ್ಟು ಮಾಡಿ ಕಂಪ್ಯೂಟರಿಗೆ ಇಳಿಸಿದ ಮೊದಲಿಗರಲ್ಲಿ ಅಮೆರಿಕದ ಮಾರ್ಗರೆಟ್ ಡೇಹಾಫ್ ದೊಡ್ಡ ಹೆಸರು. 1965ರಲ್ಲಿ ಆಕೆ ಮತ್ತು ಸಂಗಡಿಗರು ಆಗ ಗೊತ್ತಿದ್ದ 65 ಪ್ರೋಟೀನುಗಳ ರಚನೆಯ ವಿವರವನ್ನು ಒಂದು ಪುಸ್ತಕವಾಗಿ ತಂದರು. ಮಾಹಿತಿ ಯಾರದು ಎಂಬ ಜಗಳವೂ ಇಲ್ಲಿಂದಲೇ ಶುರು. ಕಷ್ಟಪಟ್ಟು ಒಟ್ಟು ಮಾಡಿದ ಸಂಗ್ರಹ ತಮ್ಮ ಸಂಸ್ಥೆಯ ಹಿಡಿತದಲ್ಲಿ ಇರಬೇಕು ಎಂಬುದು ಅವರ ಕಡೆಯವರ ನಿಲುವು. ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆ ಎಲ್ಲರಿಗೂ ತೆರೆದಿರಬೇಕು ಎಂಬುದು ಇನ್ನೊಂದು ನಿಲುವು. 1982ರಲ್ಲಿ ಡಿಎನ್‌ಎ ಮಾಹಿತಿಯ ರಾಷ್ಟ್ರೀಯ ಸಂಗ್ರಹದ ಗುತ್ತಿಗೆಯನ್ನು ಅಮೆರಿಕ ಸರ್ಕಾರ ಕೊಟ್ಟಿದ್ದು ಎರಡನೆಯ ನಿಲುವಿನವರಿಗೆ. ಅದೇ ಜೆನ್‌ಬ್ಯಾಂಕ್.

ಚಯಾಪಚಯದ ಕಡೆ 1987ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಬ್ರೆಂಡಾ ಎಂಬ ಕಿಣ್ವಗಳ ಸಂಗ್ರಹ ಶುರುವಾಯಿತು. ಅದರ ಹಿಂದಿದ್ದವರು ಡೀಟ್‌ಮಾರ್ ಶೋಂಬುರ್ಗ್. ಮೊದಲು ಅದು ದಪ್ಪ ಪುಸ್ತಕಗಳ ಸಾಲು, ಆಮೇಲೆ ಅಂತರ್ಜಾಲಕ್ಕೆ ಬಂತು. 1990ರ ದಶಕದಲ್ಲಿ ಅಮೆರಿಕದಲ್ಲಿ ಪೀಟರ್ ಕಾರ್ಪ್ ಮತ್ತು ಮೋನಿಕಾ ರೈಲಿ ನಮ್ಮ ಕರುಳಿನಲ್ಲೂ ಇರುವ ಇ-ಕೊಲೈ ಎಂಬ ಒಂದೇ ಬ್ಯಾಕ್ಟೀರಿಯಾದ ಪೂರ್ತಿ ಲೆಕ್ಕ ಬರೆಯಲು ಕೂತರು. ಅದಕ್ಕೆ ಇಕೋಸೈಕ್ ಎಂದು ಹೆಸರು.

ಇವೆಲ್ಲದರಲ್ಲೂ ಕೆಲಸದ ರೀತಿ ಒಂದೇ. ಓದಿಕೊಂಡ ಮಂದಿ ದಿನವಿಡೀ ಕೂತು ಸಂಶೋಧನಾ ಲೇಖನ ಓದಬೇಕು. ಯಾವ ಕಿಣ್ವ, ಯಾವ ಜೀವಿ, ಎಷ್ಟು ಬಿಸಿಯಲ್ಲಿ, ಯಾವ ವಸ್ತುವಿನ ಮೇಲೆ ಕೆಲಸ ಮಾಡಿತು ಎಂದು ಸಾಲು ಸಾಲಾಗಿ ತುಂಬಬೇಕು. ತಪ್ಪಿದ್ದರೆ ತಿದ್ದಬೇಕು. ಹಳ್ಳಿಯ ಲೆಕ್ಕಿಗರು ವರ್ಷ ವರ್ಷ ಪಹಣಿ ತಿದ್ದಿದಂತೆ, ಇದು ಒಂದು ಸಲ ಬರೆದು ಮುಗಿಸುವ ಕೆಲಸವಲ್ಲ.

ಕ್ಯೋಟೋದ ನಕಾಶೆ

1995ರಲ್ಲಿ ಎರಡು ಸಂಗತಿ ನಡೆದವು. ಅಮೆರಿಕದಲ್ಲಿ ಹಿಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾದ ಪೂರ್ತಿ ಡಿಎನ್‌ಎ ಓದಿ ಮುಗಿಸಿದರು. ಸ್ವತಂತ್ರವಾಗಿ ಬದುಕುವ ಜೀವಿಯೊಂದರ ಇಡೀ ಡಿಎನ್‌ಎ ಓದಿದ್ದು ಅದೇ ಮೊದಲು, ಸುಮಾರು 18 ಲಕ್ಷ ಅಕ್ಷರ. ಅಕ್ಷರ ಓದಿದ್ದಾಯಿತು, ಅರ್ಥ ಏನು? ಈ ಜೀವಿ ಏನು ತಿಂದು ಏನು ಮಾಡಿಕೊಳ್ಳಬಲ್ಲದು?

ಅದೇ ವರ್ಷ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಮಿನೋರು ಕಾನೆಹಿಸಾ ಈ ಪ್ರಶ್ನೆಗೆ ಉತ್ತರ ಕೊಡಲು ಕೆಗ್ ಎಂಬ ದತ್ತಸಂಚಯ ಶುರು ಮಾಡಿದರು. ಕ್ಯೋಟೋದ ವಂಶವಾಹಿಗಳ ವಿಶ್ವಕೋಶ ಎಂದು ಅದರ ಹೆಸರಿನ ಸಾರ. ಕಾನೆಹಿಸಾ ಭೌತಶಾಸ್ತ್ರ ಓದಿದವರು, ಜೆನ್‌ಬ್ಯಾಂಕ್ ಹುಟ್ಟಿದ ಲಾಸ್ ಅಲಮೋಸ್‌ನಲ್ಲಿ ಮೊದಲು ಕೆಲಸ ಮಾಡಿದ್ದವರು. ಜಪಾನಿನ ಜೀವರಸಾಯನ ಸಂಘ ಪ್ರಕಟಿಸಿದ್ದ ನಕಾಶೆ ಪುಸ್ತಕ ಮತ್ತು ಗೋಡೆ ನಕಾಶೆಗಳನ್ನು ಮುಂದಿಟ್ಟುಕೊಂಡು ಅವರ ತಂಡ ಕೈಯಾರೆ ಹಾದಿಗಳ ಚಿತ್ರ ಬರೆಯಿತು. ವಸ್ತುಗಳಿಗೆ ಚಿಕ್ಕ ಸುತ್ತು, ಕಿಣ್ವಗಳಿಗೆ ಚೌಕ, ಚೌಕದೊಳಗೆ 1961ರಲ್ಲಿ ಶುರುವಾದ ಅದೇ ಇ.ಸಿ. ಸಂಖ್ಯೆ. ನೀರಿನ ಸಂಖ್ಯೆ ಸಿ 00001, ಗ್ಲೂಕೋಸಿನದು ಸಿ 00031.

ಇದರ ಜಾಣತನ ಬಣ್ಣದಲ್ಲಿದೆ. ಮೂಲ ನಕಾಶೆ ಎಲ್ಲ ಜೀವಿಗಳಿಗೂ ಒಂದೇ. ಒಂದು ಜೀವಿಯ ಡಿಎನ್‌ಎ ಓದಿದಾಗ ಯಾವ ಕಿಣ್ವಗಳ ವಂಶವಾಹಿ ಅದರಲ್ಲಿ ಸಿಗುತ್ತದೋ ಆ ಚೌಕಗಳಿಗೆ ಹಸಿರು ಬಳಿಯುತ್ತಾರೆ. ಉಳಿದವು ಬಿಳಿ. ಒಂದು ಉದಾಹರಣೆ ನೋಡಿ. ಮೇಕೆ, ಹಸು ತಮಗೆ ಬೇಕಾದ ‘ಸಿ’ ಜೀವಸತ್ವವನ್ನು ತಾವೇ ಮೈಯಲ್ಲಿ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೆ ಆಗುವುದಿಲ್ಲ, ನಮಗೆ ನೆಲ್ಲಿಕಾಯಿ, ನಿಂಬೆ ಬೇಕೇ ಬೇಕು. ಯಾಕೆಂದರೆ ಆ ಹಾದಿಯ ಕೊನೆಯ ಕಿಣ್ವದ ವಂಶವಾಹಿ ನಮ್ಮಲ್ಲಿ ಕೆಟ್ಟು ಹೋಗಿ ಎಷ್ಟೋ ಲಕ್ಷ ವರ್ಷವಾಯಿತು. ಮೇಕೆಯ ನಕಾಶೆಯಲ್ಲಿ ಹಸಿರಾದ ಆ ಚೌಕ ಮನುಷ್ಯರ ನಕಾಶೆಯಲ್ಲಿ ಬಿಳಿ.

ಒಂದೇ ಯೀಸ್ಟ್, ಬೇರೆ ಬೇರೆ ಲೆಕ್ಕ

ದತ್ತಸಂಚಯಗಳು ಹೆಚ್ಚಾದವು, ತೊಂದರೆಯೂ ಹೆಚ್ಚಿತು. ಬ್ರೆಡ್ಡು ಉಬ್ಬಿಸುವ ಯೀಸ್ಟ್ ಬಗ್ಗೆ ಬೇರೆ ಬೇರೆ ಗುಂಪುಗಳು ಬೇರೆ ಬೇರೆ ಲೆಕ್ಕ ಬರೆದಿದ್ದವು. ಒಂದೇ ವಸ್ತುವಿಗೆ ಒಬ್ಬರದು ಒಂದು ಹೆಸರು, ಇನ್ನೊಬ್ಬರದು ಇನ್ನೊಂದು. ಎರಡನ್ನೂ ಕಂಪ್ಯೂಟರಿಗೆ ಹಾಕಿ ಕೂಡಿಸಲು ಹೋದರೆ ತಾಳೆಯಾಗುತ್ತಿರಲಿಲ್ಲ.

2007ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಈ ಗುಂಪುಗಳು ಒಂದೇ ಸೂರಿನಡಿ ಸೇರಿ ಕೂತವು. ಒಂದೊಂದೇ ಕ್ರಿಯೆಯನ್ನು ಮುಂದಿಟ್ಟುಕೊಂಡು ಇದು ಸರಿಯೇ, ಪುರಾವೆ ಎಲ್ಲಿದೆ, ಹೆಸರು ಯಾವುದಿರಲಿ ಎಂದು ಚರ್ಚಿಸಿ ಒಮ್ಮತದ ಲೆಕ್ಕ ಮಾಡಿದವು. 2008ರಲ್ಲಿ ಅದು ಪ್ರಕಟವಾಯಿತು. ಸ್ಪರ್ಧೆಯಲ್ಲಿದ್ದವರು ತಮ್ಮ ತಮ್ಮ ಪುಸ್ತಕ ಬದಿಗಿಟ್ಟು ಒಂದೇ ಪುಸ್ತಕ ಬರೆದದ್ದು ಸಣ್ಣ ಮಾತಲ್ಲ. ಮುಂದೆ ಮನುಷ್ಯನ ಚಯಾಪಚಯಕ್ಕೂ ಇದೇ ರೀತಿ ಹಲವರು ಸೇರಿ ಕಟ್ಟಿದ ಲೆಕ್ಕ 2013ರಲ್ಲಿ ಬಂತು.

ಅದೇ ಹೊತ್ತಿಗೆ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವಿಶಾರ್ಟ್ ತಂಡ ಮನುಷ್ಯರ ಮೈಯಲ್ಲಿ ಸಿಗುವ ರಾಸಾಯನಿಕಗಳ ದತ್ತಸಂಚಯ ಕಟ್ಟುತ್ತಿತ್ತು. 2007ರಲ್ಲಿ ಅದನ್ನು ಲೋಕದ ಮುಂದಿಟ್ಟಾಗ ಅದರಲ್ಲಿದ್ದದ್ದು 2,180 ವಸ್ತುಗಳು. 2022ರ ಹೊತ್ತಿಗೆ 2 ಲಕ್ಷ ದಾಟಿತು. ಇಲ್ಲಿ ಒಂದು ಮಾತು ಗಮನಿಸಬೇಕು: ಆ 2 ಲಕ್ಷದಲ್ಲಿ ಎಲ್ಲವನ್ನೂ ಯಾರೋ ಅಳೆದು ನೋಡಿಲ್ಲ. ಇರಬಹುದು ಎಂದು ಊಹಿಸಿ ಸೇರಿಸಿದವೂ ಬಹಳ ಇವೆ. ಯಾವುದು ಕಂಡದ್ದು, ಯಾವುದು ಊಹೆ ಎಂದು ದತ್ತಸಂಚಯವೇ ಗುರುತು ಹಾಕಿರುತ್ತದೆ. ಬರಹದ ಮೊದಲಲ್ಲಿ ಹೇಳಿದಂಥ ಯಂತ್ರಗಳು ಗುರುತು ಸಿಗದ ತೂಕವನ್ನು ತೋರಿಸಿದಾಗ ಸಂಶೋಧಕರು ಹುಡುಕುವುದು ಇಂಥ ಕಡೆಯೇ.

ಹಣ ಯಾರು ಕೊಡಬೇಕು?

ಹೊಸ ದತ್ತಸಂಚಯ ಕಟ್ಟುತ್ತೇವೆ ಎಂದರೆ ಸರ್ಕಾರಗಳು ಹಣ ಕೊಡುತ್ತವೆ. ಕಟ್ಟಿದ್ದನ್ನು ನೋಡಿಕೊಳ್ಳುತ್ತೇವೆ ಎಂದರೆ ಕೈ ಬಿಗಿ. ಹೊಸ ಕೆರೆ ತೋಡಲು ಬಿಲ್ಲು ಪಾಸಾಗುತ್ತದೆ, ಹಳೆ ಕೆರೆಯ ಹೂಳೆತ್ತಲು ಆಗುವುದಿಲ್ಲ. ಆ ಕಥೆಯೇ ಇದು.

ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಅಮೋಸ್ ಬೈರೋಕ್ 1986ರಲ್ಲಿ ಶುರು ಮಾಡಿದ ಸ್ವಿಸ್-ಪ್ರಾಟ್ ಪ್ರೋಟೀನುಗಳ ಹೆಸರಾಂತ ಸಂಗ್ರಹ. ಹತ್ತು ವರ್ಷ ನಡೆದ ಮೇಲೆ 1996ರಲ್ಲಿ ಹಣ ನಿಂತಿತು. ಮುಚ್ಚಬೇಕಾಗಿದೆ ಎಂದು ಬೈರೋಕ್ ಅಂತರ್ಜಾಲದಲ್ಲಿ ತಿಳಿಸಿದರು. ಲೋಕದ ಮೂಲೆ ಮೂಲೆಯಿಂದ ಸಂಶೋಧಕರು ಬೆಂಬಲದ ಪತ್ರ ಬರೆದರು. ಆ ಗದ್ದಲದ ಫಲವಾಗಿ 1998ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದನ್ನು ನೋಡಿಕೊಳ್ಳಲೆಂದೇ ಒಂದು ಸಂಸ್ಥೆ ಹುಟ್ಟಿತು. ಕೆಲವು ವರ್ಷ ಕಂಪನಿಗಳಿಂದ ಶುಲ್ಕ ತೆಗೆದುಕೊಂಡು ನಡೆಸಿದರು. 2002ರಲ್ಲಿ ಅಮೆರಿಕದ ಸರ್ಕಾರಿ ಹಣ ಸೇರಿ ಯೂನಿಪ್ರಾಟ್ ಎಂಬ ದೊಡ್ಡ ಒಕ್ಕೂಟವಾಯಿತು. ಇವತ್ತು ಅದು ಎಲ್ಲರಿಗೂ ಉಚಿತ.

ಕ್ಯೋಟೋದ ಕೆಗ್‌ಗೆ 2011ರಲ್ಲಿ ಇದೇ ಪಾಡು ಬಂತು. ಸರ್ಕಾರದ ನೆರವು ಸಾಲದಾಯಿತು. ಕಾನೆಹಿಸಾ ಮಧ್ಯದ ದಾರಿ ಹಿಡಿದರು. ಜಾಲತಾಣದಲ್ಲಿ ಒಂದೊಂದೇ ನಕಾಶೆ ತೆರೆದು ನೋಡುವುದು ಉಚಿತ. ಇಡೀ ಸಂಗ್ರಹವನ್ನು ಒಂದೇ ಸಲಕ್ಕೆ ಇಳಿಸಿಕೊಳ್ಳಬೇಕಾದರೆ 2011ರ ಜುಲೈನಿಂದ ಚಂದಾ ಕಟ್ಟಬೇಕು. ಹಲವರಿಗೆ ಬೇಸರವಾಯಿತು. ದೊಡ್ಡ ಪ್ರಮಾಣದ ಸಂಶೋಧನೆಗೆ ಇಡೀ ಸಂಗ್ರಹವೇ ಬೇಕು, ಹಣ ಕಡಿಮೆಯಿರುವ ದೇಶಗಳ ಸಣ್ಣ ಕಾಲೇಜು ಚಂದಾ ಕಟ್ಟುವುದು ಎಲ್ಲಿಂದ ಎಂಬ ಪ್ರಶ್ನೆ ಸುಳ್ಳಲ್ಲ. ಚಂದಾ ಇಲ್ಲದಿದ್ದರೆ ನಕಾಶೆ ತಿದ್ದುವವರ ಸಂಬಳ ಎಲ್ಲಿಂದ ಎಂಬ ಪ್ರಶ್ನೆಯೂ ಸುಳ್ಳಲ್ಲ.

ಸಸ್ಯ ವಿಜ್ಞಾನಿಗಳು ಬಹಳವಾಗಿ ಬಳಸುವ ಅರಾಬಿಡಾಪ್ಸಿಸ್ ಗಿಡದ ಸಂಗ್ರಹಕ್ಕೆ ಅಮೆರಿಕ ಸರ್ಕಾರದ ನೆರವು ನಿಂತಾಗ 2013ರಲ್ಲಿ ಅವರು ಲಾಭರಹಿತ ಸಂಸ್ಥೆ ಮಾಡಿ ಚಂದಾ ವಸೂಲಿಗೆ ಇಳಿದರು. ಹೊಸ ಮಾಹಿತಿ ಚಂದಾದಾರರಿಗೆ ಮೊದಲು, ಒಂದು ವರ್ಷದ ಬಳಿಕ ಎಲ್ಲರಿಗೂ. ಪೂರ್ತಿ ಬೀಗವೂ ಅಲ್ಲ, ಪೂರ್ತಿ ಬಯಲೂ ಅಲ್ಲ.

ಬೆಂಗಳೂರು ಮತ್ತು ಕ್ಷಯ

ಈ ಕಥೆಯಲ್ಲಿ ನಮ್ಮವರೂ ಇದ್ದಾರೆ. ಕ್ಷಯದ ರೋಗಾಣುವಿನ ಪೂರ್ತಿ ಡಿಎನ್‌ಎ 1998ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು ನಾಲ್ಕು ಸಾವಿರ ವಂಶವಾಹಿಗಳು. ಆ ರೋಗಾಣುವಿನ ಹೊರಗೋಡೆಯಲ್ಲಿ ಮೈಕೋಲಿಕ್ ಆಮ್ಲ ಎಂಬ ಮೇಣದಂಥ ವಸ್ತು ಇರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯಕ್ಕೆ ಕೊಡುವ ಮಾತ್ರೆಗಳಲ್ಲಿರುವ ಐಸೋನಿಯಾಜಿಡ್, ಆ ಮೇಣ ತಯಾರಾಗುವ ಹಾದಿಯನ್ನೇ ಕಟ್ಟಿಹಾಕುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಗಸುಮಾ ಚಂದ್ರ, ಕಾರ್ತಿಕ್ ರಾಮನ್ ಮತ್ತು ಸಂಗಡಿಗರು 2005ರಲ್ಲಿ ಈ ಹಾದಿಯ ಪೂರ್ತಿ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಯಾವ ಯಾವ ಕಿಣ್ವ ನಿಲ್ಲಿಸಿದರೆ ಮೇಣ ತಯಾರಾಗುವುದು ನಿಲ್ಲುತ್ತದೆ ಎಂದು ಲೆಕ್ಕ ಹಾಕಿ, ಹೊಸ ಔಷಧಕ್ಕೆ ಗುರಿಯಾಗಬಲ್ಲ ಕಿಣ್ವಗಳ ಪಟ್ಟಿ ಕೊಟ್ಟರು. ಬೇರೆಯವರು ಬರೆದಿಟ್ಟ ಮಾಹಿತಿ ತೆರೆದಿರದಿದ್ದರೆ ಇಂಥ ಲೆಕ್ಕಕ್ಕೆ ಕೈ ಹಾಕಲೂ ಆಗುತ್ತಿರಲಿಲ್ಲ.

2008ರಲ್ಲಿ ಕೇಂದ್ರ ಸರ್ಕಾರದ ಸಿಎಸ್‌ಐಆರ್, ಔಷಧ ಶೋಧವನ್ನು ಎಲ್ಲರೂ ಸೇರಿ ಬಯಲಲ್ಲೇ ಮಾಡೋಣ ಎಂದು ಒಂದು ಯೋಜನೆ ಶುರು ಮಾಡಿತು. ಅದರಡಿ 2010ರಲ್ಲಿ ದೇಶದ ನಾನಾ ಕಾಲೇಜುಗಳ ನೂರಾರು ವಿದ್ಯಾರ್ಥಿಗಳು ಅಂತರ್ಜಾಲದಲ್ಲಿ ಕೂಡಿ, ಕ್ಷಯ ರೋಗಾಣುವಿನ ವಂಶವಾಹಿಗಳ ಬಗ್ಗೆ ಬಂದ ಲೇಖನಗಳನ್ನು ಹಂಚಿಕೊಂಡು ಓದಿ ಮಾಹಿತಿ ತುಂಬಿದರು.

ನೋಡಿಕೊಳ್ಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಬೆಂಗಳೂರಿನಲ್ಲೇ ಇದೆ. ವೈಟ್‌ಫೀಲ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಸೇರಿ ಮನುಷ್ಯರ ಪ್ರೋಟೀನುಗಳ ದತ್ತಸಂಚಯ ಕಟ್ಟಿ 2003ರಲ್ಲಿ ಪ್ರಕಟಿಸಿದವು. ಇಲ್ಲಿನ ಯುವ ಜೀವವಿಜ್ಞಾನಿಗಳು ಸಾಲು ಸಾಲು ಲೇಖನ ಓದಿ ತುಂಬಿದ ಆ ಸಂಗ್ರಹವನ್ನು ಲೋಕದ ಸಂಶೋಧಕರು ಮೆಚ್ಚಿ ಬಳಸಿದರು. ಆದರೆ 2010ರ ಒಂಬತ್ತನೇ ಆವೃತ್ತಿಯ ಬಳಿಕ ಅದು ಮುಂದುವರಿಯಲಿಲ್ಲ. ಬರೆದದ್ದು ವ್ಯರ್ಥವಾಗಲಿಲ್ಲ, ಬೇರೆ ಸಂಗ್ರಹಗಳಿಗೆ ಸೇರಿತು. ಆದರೆ ತಿದ್ದದ ಪುಸ್ತಕ ವರ್ಷ ಕಳೆದಂತೆ ಹಳತಾಗುತ್ತದೆ.

ಯಾಕೆ ಗೊತ್ತಿರಬೇಕು

ಔಷಧ ಕಂಡುಹಿಡಿದವರ ಹೆಸರು ಪಠ್ಯಪುಸ್ತಕದಲ್ಲಿ ಸಿಗುತ್ತದೆ. ಆ ಔಷಧಕ್ಕೆ ಬೇಕಾದ ಮಾಹಿತಿಯನ್ನು ಹತ್ತು ಸಾವಿರ ಲೇಖನಗಳಿಂದ ಹೆಕ್ಕಿ, ಸಂಖ್ಯೆ ಕೊಟ್ಟು, ತಪ್ಪು ತಿದ್ದಿ, ಎಲ್ಲರ ಕೈಗೆ ಸಿಗುವ ಕಡೆ ಇಟ್ಟವರ ಹೆಸರು ಸಿಗುವುದಿಲ್ಲ. ಅವರ ಸಂಬಳ ನಿಂತಾಗಲೂ ಸುದ್ದಿಯಾಗುವುದಿಲ್ಲ.

ಕೆಗ್‌ನ ನಕಾಶೆಗಳನ್ನು ನಿಮ್ಮ ಮೊಬೈಲಿನಲ್ಲಿ ಇವತ್ತೇ ತೆರೆದು ನೋಡಬಹುದು, ದುಡ್ಡು ಕೊಡಬೇಕಿಲ್ಲ. ಇಂಗ್ಲಿಷಿನಲ್ಲಿದೆ, ಚೌಕ ಸುತ್ತುಗಳ ಗೋಜಲು ಬೇರೆ. ಮನೆಯಲ್ಲಿ ವಿಜ್ಞಾನ ಓದುವ ಪಿಯುಸಿ, ಬಿಎಸ್ಸಿ ಮಕ್ಕಳಿದ್ದರೆ ಅವರಿಗೆ ತೋರಿಸಿ. ಗ್ಲೂಕೋಸ್ ಒಡೆಯುವ ನಕಾಶೆಯ ಸಂಖ್ಯೆ 00010. ರಾತ್ರಿ ಉಂಡ ಮುದ್ದೆ ಯಾವ ದಾರಿಯಲ್ಲಿ ಹೋಯಿತು ಎಂದು ಬೆರಳಿಟ್ಟು ತೋರಿಸಲಿ.